ಮುಖ ಬಿಟ್ಟು ಮೈ ಬರೆದ ನಾಲ್ಕು ತಿಂಗಳು

ಪತ್ರಿಕೆಗಳಿಗೆ ಚಿತ್ರ ಬರೆಯೋದು ನನ್ನ ಕೆಲಸ. ಸಾಹುಕಾರ ಅಂದ್ರೆ ಕೋಟು, ಬಡವ ಅಂದ್ರೆ ಹರಿದ ಅಂಗಿ. ತುಂಬಾ ವರ್ಷ ಹೀಗೇ ಬರೆದೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಚಿತ್ರಕಾರ ಒನೊರೆ ದೋಮಿಯೆಯ ಚಿತ್ರಗಳನ್ನು ನಾಲ್ಕು ತಿಂಗಳು ಕೂತು ನಕಲು ಮಾಡಿದ ಮೇಲೆ ಆ ಅಭ್ಯಾಸ ಹೋಯಿತು.

ಶುರು ಮಾಡಿದ್ದು ರೈಲಿನಿಂದ. 1864ರಲ್ಲಿ ಅವನು ಮೊದಲ, ಎರಡನೇ, ಮೂರನೇ ದರ್ಜೆಯ ಡಬ್ಬಿಗಳನ್ನು ಜಲವರ್ಣದಲ್ಲಿ ಬರೆದ. ಮೂರೂ ಈಗ ಅಮೆರಿಕದ ಬಾಲ್ಟಿಮೋರ್‌ನಲ್ಲಿವೆ. ಅವುಗಳ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಸಾಲಾಗಿಟ್ಟೆ. ಮುಖ ಬರೆಯಬಾರದು, ಕುತ್ತಿಗೆಯಿಂದ ಕೆಳಗೆ ಮಾತ್ರ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ.

ಆಗ ಕಣ್ಣಿಗೆ ಬಿತ್ತು. ಮೊದಲ ದರ್ಜೆಯವರ ಬೆನ್ನು ನೆಟ್ಟಗಿದೆ, ಪ್ರತಿಯೊಬ್ಬರಿಗೂ ತಮ್ಮದೇ ಜಾಗ ಇದೆ. ಎರಡನೇ ದರ್ಜೆಯಲ್ಲಿ ಚಳಿಗೆ ಮುದುಡಿಕೊಂಡಿದ್ದಾರೆ. ಮೂರನೆಯದರಲ್ಲಿ ಭುಜಕ್ಕೆ ಭುಜ ತಾಗಿದೆ. ಇದೇ ಮೂರನೇ ದರ್ಜೆಯನ್ನು ಅವನು ತೈಲವರ್ಣದಲ್ಲೂ ಬರೆದಿದ್ದಾನೆ. ಅದರಲ್ಲಿ ಒಬ್ಬ ಅಜ್ಜಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಅದರ ಮೇಲೆ ಎರಡೂ ಕೈ ಜೋಡಿಸಿ ಕೂತಿದ್ದಾಳೆ. ಬಿಗಿಹಿಡಿತವಲ್ಲ, ಸಡಿಲ ಬಿಟ್ಟಿದ್ದೂ ಅಲ್ಲ. ಆ ಕೈಗಳನ್ನೇ ಮೂವತ್ತು ಸಲ ಬರೆದೆ. ಬೆರಳನ್ನು ಸ್ವಲ್ಪ ಜಾಸ್ತಿ ಬಿಗಿ ಮಾಡಿದರೆ ಅಜ್ಜಿ ಹೆದರಿದವಳ ಹಾಗೆ ಕಾಣ್ತಾಳೆ. ಸಡಿಲ ಮಾಡಿದರೆ ಬುಟ್ಟಿ ಅವಳದ್ದೇ ಅಲ್ಲ ಅನ್ನಿಸುತ್ತೆ.

ದೋಮಿಯೆ ಬೀದಿಯ ಜನರ ಕಡೆ ತಿರುಗಿದ್ದಕ್ಕೂ ಒಂದು ಕಾರಣ ಇದೆ. ಜನರ ದುಡ್ಡು ನುಂಗುವ ದೈತ್ಯನ ಹಾಗೆ ಫ್ರಾನ್ಸಿನ ರಾಜ ಲೂಯಿ ಫಿಲಿಪ್‌ನನ್ನು 1831ರಲ್ಲಿ ಬರೆದು ಜೈಲು ಸೇರಿದ್ದ. 1835ರ ಕಾನೂನು ರಾಜಕೀಯ ವ್ಯಂಗ್ಯಚಿತ್ರದ ಬಾಯಿ ಕಟ್ಟಿತು. ಆಮೇಲೆ 'ಲ ಶಾರಿವಾರಿ' ಪತ್ರಿಕೆಯಲ್ಲಿ ಪ್ಯಾರಿಸ್ಸಿನ ವಕೀಲರು, ಮನೆ ಮಾಲೀಕರು, ಬಾಡಿಗೆದಾರರು, ಬಸ್ಸಿನ ಪ್ರಯಾಣಿಕರು ಬಂದರು. ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದ ಚಿತ್ರಗಳೇ (ಲಿಥೋಗ್ರಾಫ್) ಸುಮಾರು 4,000.

ಕಲ್ಲಿನ ಮೇಲೆ ಬರೆಯದೆ ಅವನ ಗೆರೆ ಅರ್ಥವಾಗಲ್ಲ ಅನ್ನಿಸಿತು. ಒಂದು ಸ್ಟುಡಿಯೋದಲ್ಲಿ ಸುಣ್ಣಕಲ್ಲು ಸಿಕ್ಕಿತು. ಕುದುರೆ ಬಸ್ಸಿನಲ್ಲಿ ಕುಡುಕನಿಗೂ ಹಂದಿಮಾಂಸದ ವ್ಯಾಪಾರಿಗೂ ನಡುವೆ ಸಿಕ್ಕಿಹಾಕಿಕೊಂಡ ಹೆಂಗಸಿನ ಚಿತ್ರ ಆರಿಸಿಕೊಂಡೆ. ಜಿಡ್ಡಿನ ಕ್ರೆಯಾನ್‌ನಲ್ಲಿ ಎಡ ಬಲ ತಿರುಗಿಸಿ ಬರೆಯಬೇಕು. ಆಮೇಲೆ ಅರೇಬಿಕ್ ಗೋಂದಿಗೆ ತುಸು ಆಸಿಡ್ ಬೆರೆಸಿ ಬಳಿಯಬೇಕು. ಕಲ್ಲು ಒದ್ದೆ ಮಾಡಿ ರೋಲರ್ ಓಡಿಸಿದರೆ ಮಸಿ ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತೆ. ಮೊದಲ ಪ್ರತಿಯಲ್ಲಿ ಕುಡುಕನ ಕೋಟಿನ ಮೇಲೆ ನನ್ನ ಅಂಗೈ ಗುರುತು ಕಪ್ಪಗೆ ಎದ್ದಿತ್ತು. ಬೆವರಿನ ಜಿಡ್ಡನ್ನೂ ಕಲ್ಲು ಬಿಡಲ್ಲ. ಕಲ್ಲನ್ನು ಉಜ್ಜಿ, ಕೈ ಊರಲು ಮರದ ಪಟ್ಟಿ ಅಡ್ಡ ಇಟ್ಟುಕೊಂಡು ಮತ್ತೆ ಬರೆದೆ. ಈ ಸಲವೂ ಮುಖ ಬರೆಯಲಿಲ್ಲ.

ಎರಡನೇ ಪ್ರತಿಯನ್ನು ಹಗ್ಗಕ್ಕೆ ಸಿಕ್ಕಿಸಿದ್ದೆ. ಪಕ್ಕದ ಮೇಜಿನ ಹುಡುಗಿ ಬಂದು ನೋಡಿದಳು. ಒತ್ತಿಕೊಂಡ ಆ ಮೊಣಕೈಗಳನ್ನು ತೋರಿಸಿ ಅಂದಳು: "ಇವಳಿಗೆ ಯಾವಾಗ ಇಳೀತೀನೋ ಅಂತ ಆಗಿದೆ, ಅಲ್ವಾ ಸರ್?"