ಅಮೆರಿಕದ ಗಾಂಜಾ ಕಾನೂನು: ರಾಜ್ಯಕ್ಕಿಂತ ಮೊದಲು ಪಾಸ್‌ಪೋರ್ಟ್ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಅಂಗಡಿಗೆ ರಾಜ್ಯದ ಪರವಾನಗಿ ಇರುತ್ತದೆ, ಖರೀದಿಗೆ ರಸೀದಿ ಸಿಗುತ್ತದೆ, ತೆರಿಗೆಯೂ ಕಟ್ಟಬೇಕು. ಇಷ್ಟನ್ನು ಕಂಡು, ಓದಲು ಅಥವಾ ಕೆಲಸಕ್ಕೆಂದು ಹೋದ ನಮ್ಮವರು ‘ಇಲ್ಲಿ ಎಲ್ಲಕ್ಕೂ ಅನುಮತಿ ಇದೆ’ ಎಂದು ತೀರ್ಮಾನಿಸುವುದುಂಟು. ಅನುಮತಿ ಕೊಟ್ಟಿರುವುದು ರಾಜ್ಯ. ವೀಸಾ ಕೊಟ್ಟಿರುವುದು ಒಕ್ಕೂಟ ಸರ್ಕಾರ. ಆದ್ದರಿಂದ ‘ಯಾವ ರಾಜ್ಯ?’ ಎಂಬ ಪ್ರಶ್ನೆ ಎರಡನೆಯದಾಗಲಿ.

ಹೆಜ್ಜೆ 1: ನೀವು ಯಾವ ದೇಶದ ಪ್ರಜೆ?

1970ರ ನಿಯಂತ್ರಿತ ವಸ್ತುಗಳ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆಗೆ ಅತ್ಯಂತ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿ ಇರಿಸಿತು. ಅದನ್ನು ಮೂರನೆಯ ಪಟ್ಟಿಗೆ ಇಳಿಸುವ ಪ್ರಸ್ತಾವವನ್ನು ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಪಟ್ಟಿ ಬದಲಾದ ಮಾತ್ರಕ್ಕೆ ಮೋಜಿನ ಬಳಕೆ ಒಕ್ಕೂಟದ ಕಣ್ಣಿನಲ್ಲಿ ಸಕ್ರಮವಾಗುವುದಿಲ್ಲ.

ವಲಸೆ ಅಧಿಕಾರಿಗಳು ನೋಡುವುದು ಒಕ್ಕೂಟದ ಕಾನೂನನ್ನೇ. ನ್ಯಾಯಾಲಯದಲ್ಲಿ ಶಿಕ್ಷೆಯಾಗಿರಬೇಕೆಂದೂ ಇಲ್ಲ. ಕೊಲೊರಾಡೊದಲ್ಲಿ ಸಕ್ರಮವಾಗಿ ಕೊಂಡು ಸೇದಿದ್ದಾಗಿ ಗಡಿಯಲ್ಲಿ ಒಪ್ಪಿಕೊಂಡರೆ, ಅದೇ ಪ್ರವೇಶ ನಿರಾಕರಣೆಗೆ ಕಾರಣವಾಗಬಹುದು. ಹಾಗೆಂದು ಸುಳ್ಳು ಹೇಳಿದರೆ ಅದರ ಪರಿಣಾಮ ಇನ್ನೂ ಕೆಟ್ಟದು. ಸ್ವಂತ ಬಳಕೆಗೆ 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇಟ್ಟುಕೊಂಡ ಒಂದೇ ಒಂದು ಪ್ರಕರಣಕ್ಕೆ ಗಡೀಪಾರಿನಿಂದ ವಿನಾಯಿತಿ ಇದೆ. ಆದರೆ ಊರಿಗೆ ಬಂದು ಮರಳಿ ಹೋಗುವಾಗ ಆ ವಿನಾಯಿತಿ ತಾನಾಗಿ ಕೈಹಿಡಿಯುವುದಿಲ್ಲ.

ಗ್ರೀನ್ ಕಾರ್ಡ್ ಇದ್ದವರೂ ನಿಶ್ಚಿಂತರಾಗುವಂತಿಲ್ಲ. ಗಾಂಜಾ ಚಟುವಟಿಕೆ ರಾಜ್ಯದಲ್ಲಿ ಸಕ್ರಮವಾಗಿದ್ದರೂ ಪೌರತ್ವಕ್ಕೆ ಬೇಕಾದ ‘ಸನ್ನಡತೆ’ಗೆ ಅದು ಅಡ್ಡಿಯಾಗಬಹುದು ಎಂದು ಪೌರತ್ವ ಮತ್ತು ವಲಸೆ ಸೇವಾ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಈ ಉದ್ಯಮದಲ್ಲಿ ನೌಕರಿ ಮಾಡುವುದೂ ಅದರಲ್ಲಿ ಸೇರಿದೆ. ಗಾಂಜಾ ಕಂಪನಿಯೊಂದರಿಂದ ಸಾಫ್ಟ್‌ವೇರ್ ಕೆಲಸದ ಕರೆ ಬಂದರೆ, ಸಂಬಳದ ಮಾತಿಗೆ ಮೊದಲು ವಲಸೆ ವಕೀಲರೊಂದಿಗೆ ಮಾತನಾಡಿ. ಅಮೆರಿಕದ ಪ್ರಜೆಯಲ್ಲದವರಿಗೆ ನನ್ನ ಸಲಹೆ ಬಿಚ್ಚುಮಾತಿನದು: ಮುಟ್ಟಬೇಡಿ. ಮುಂದಿನ ಹೆಜ್ಜೆಗಳು ಪೌರತ್ವ ಪಡೆದವರಿಗೆ, ಅವರ ಮನೆಗೆ ಹೋಗುವ ನೆಂಟರ ತಿಳಿವಳಿಕೆಗೆ.

ಹೆಜ್ಜೆ 2: ಕಾಲಡಿಯ ನೆಲ ಯಾರದು?

ಮತದಾರರ ತೀರ್ಪಿನಿಂದ ವೈದ್ಯಕೀಯ ಬಳಕೆಗೆ ಮೊದಲು ಬಾಗಿಲು ತೆರೆದದ್ದು ಕ್ಯಾಲಿಫೋರ್ನಿಯಾ, 1996ರಲ್ಲಿ. ಮೋಜಿನ ಬಳಕೆಗೆ ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು 2012ರಲ್ಲಿ ಒಪ್ಪಿದವು. 2023ರ ನವೆಂಬರ್‌ನಲ್ಲಿ ಒಹಾಯೊ ಸೇರಿದಾಗ ಇಂಥ ರಾಜ್ಯಗಳು 24 ಆದವು. ಫ್ಲಾರಿಡಾದಲ್ಲಿ ಮರುವರ್ಷ ಶೇ 56ರಷ್ಟು ಮತದಾರರು ಹೌದೆಂದರೂ ಪ್ರಸ್ತಾವ ಬಿದ್ದುಹೋಯಿತು. ಅಲ್ಲಿ ಸಂವಿಧಾನ ತಿದ್ದಲು ಶೇ 60 ಬೇಕು. ಇಡಾಹೊದಲ್ಲಿ ಮೋಜಿನ ಬಳಕೆಯೂ ಇಲ್ಲ, ವೈದ್ಯಕೀಯ ಕಾರ್ಡೂ ಇಲ್ಲ. ಟೆಕ್ಸಾಸ್‌ನಲ್ಲಿ ಎರಡು ಔನ್ಸ್ (ಸುಮಾರು 57 ಗ್ರಾಂ) ವರೆಗಿನ ಗಾಂಜಾಕ್ಕೆ 180 ದಿನಗಳ ತನಕ ಜೈಲು ಆಗಬಹುದು. ಅದರ ಸಾರ ತುಂಬಿದ ವೇಪ್ (ಇ-ಸಿಗರೇಟು) ಸಿಕ್ಕರೆ ಪ್ರಕರಣ ಇನ್ನೂ ಗಂಭೀರ.

ಸಕ್ರಮ ರಾಜ್ಯದೊಳಗೂ ಒಕ್ಕೂಟದ ನೆಲವಿದೆ. ಯೊಸೆಮಿಟಿ ಇರುವುದು ಕ್ಯಾಲಿಫೋರ್ನಿಯಾದಲ್ಲೇ, ಆದರೆ ಅದು ರಾಷ್ಟ್ರೀಯ ಉದ್ಯಾನ. ಒಳಗೆ ಗಾಂಜಾ ನಿಷಿದ್ಧ. ಓರೆಗನ್‌ನಿಂದ ವಾಷಿಂಗ್ಟನ್‌ಗೆ ಒಯ್ಯುವುದೂ ಅಪರಾಧವೇ. ಎರಡೂ ಕಡೆ ಸಕ್ರಮವಾಗಿದ್ದರೂ ನಡುವಿನ ಗೆರೆ ದಾಟುವುದು ಒಕ್ಕೂಟದ ವ್ಯಾಪ್ತಿಗೆ ಬರುತ್ತದೆ.

ಹೆಜ್ಜೆ 3: ಔಷಧಿಗೋ, ಮೋಜಿಗೋ?

ಮೋಜಿನ ಬಳಕೆಗೆ ವಯಸ್ಸು 21 ತುಂಬಿರಬೇಕು. ವೈದ್ಯಕೀಯ ಬಳಕೆಗೆ ಸಾಮಾನ್ಯವಾಗಿ ವೈದ್ಯರ ಪ್ರಮಾಣಪತ್ರ ಮತ್ತು ರಾಜ್ಯದ ಕಾರ್ಡು ಬೇಕು. ಒಕ್ಕೂಟದ ನಿಷೇಧದಿಂದಾಗಿ ವೈದ್ಯರು ಇದನ್ನು ಇತರ ಔಷಧಿಗಳಂತೆ ಚೀಟಿಯಲ್ಲಿ ಬರೆದುಕೊಡುವಂತಿಲ್ಲ, ಶಿಫಾರಸು ಮಾತ್ರ ಮಾಡಬಲ್ಲರು. ಹೊರರಾಜ್ಯದ ಕಾರ್ಡನ್ನು ನೆವಾಡಾ ಮಾನ್ಯ ಮಾಡುತ್ತದೆ, ಎಲ್ಲ ರಾಜ್ಯಗಳೂ ಮಾಡುವುದಿಲ್ಲ. ಮಕ್ಕಳ ಕೆಲವು ತೀವ್ರ ಅಪಸ್ಮಾರಗಳಿಗೆ 2018ರಲ್ಲಿ ಒಪ್ಪಿಗೆ ಪಡೆದ, ಗಾಂಜಾ ಗಿಡದ ಅಂಶದಿಂದ ತಯಾರಾದ ಎಪಿಡಿಯೋಲೆಕ್ಸ್ ಬೇರೆಯೇ ಲೆಕ್ಕ. ಅದು ಔಷಧಿ ಅಂಗಡಿಯಲ್ಲೇ ಸಿಗುವ, ವೈದ್ಯರು ಬರೆದುಕೊಡುವ ಔಷಧಿ.

ಹೆಜ್ಜೆ 4: ಎಷ್ಟು, ಎಲ್ಲಿ?

ಇಟ್ಟುಕೊಳ್ಳಬಹುದಾದ ಮಿತಿ ಕ್ಯಾಲಿಫೋರ್ನಿಯಾದಲ್ಲಿ 28.5 ಗ್ರಾಂ, ಮನೆಯಲ್ಲಿ ಆರು ಗಿಡ. ನ್ಯೂಯಾರ್ಕ್‌ನಲ್ಲಿ ಮೂರು ಔನ್ಸ್. ಇಲಿನಾಯ್‌ನಲ್ಲಿ ನಿವಾಸಿಗೆ 30 ಗ್ರಾಂ, ಹೊರಗಿನವರಿಗೆ ಅದರ ಅರ್ಧ. ನ್ಯೂಜೆರ್ಸಿಯಲ್ಲಿ ಕೊಳ್ಳಬಹುದು, ಹಿತ್ತಲಲ್ಲಿ ಒಂದು ಗಿಡವನ್ನೂ ಬೆಳೆಸುವಂತಿಲ್ಲ. ಬೀದಿಯಲ್ಲಿ ಸೇದುವುದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ನಿಷೇಧವಿದೆ. ನ್ಯೂಯಾರ್ಕ್‌ನಲ್ಲಿ ತಂಬಾಕು ಸೇದಬಹುದಾದ ಹೆಚ್ಚಿನ ಕಡೆ ಇದಕ್ಕೂ ಅವಕಾಶವಿದೆ. ಬಾಡಿಗೆ ಮನೆಯಾದರೆ ಕರಾರುಪತ್ರ ಓದಿ, ಮಾಲೀಕರು ಸೇದುವುದನ್ನು ನಿಷೇಧಿಸಿರಬಹುದು.

ಹೆಜ್ಜೆ 5: ಕಾರು, ಕೆಲಸ, ಸೂಟ್‌ಕೇಸು

ಅಮಲಿನಲ್ಲಿ ವಾಹನ ಓಡಿಸುವುದು ಎಲ್ಲ ರಾಜ್ಯಗಳಲ್ಲೂ ಅಪರಾಧ. ವಾಷಿಂಗ್ಟನ್‌ನಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಗಾಂಜಾದ ಅಮಲುಕಾರಕ ಅಂಶ ಐದು ನ್ಯಾನೊಗ್ರಾಂ ಮುಟ್ಟಿದರೆ ತಪ್ಪಿತಸ್ಥರು. ಬಿಡುವಿನ ವೇಳೆಯ ಬಳಕೆಗಾಗಿ ನೌಕರರನ್ನು ಶಿಕ್ಷಿಸುವುದಕ್ಕೆ ಕ್ಯಾಲಿಫೋರ್ನಿಯಾ 2024ರಿಂದ ಮಿತಿ ಹಾಕಿದೆ, ಆದರೆ ಒಕ್ಕೂಟದ ಭದ್ರತಾ ತಪಾಸಣೆ ಬೇಕಾದ ಹುದ್ದೆಗಳಿಗೆ ಆ ರಕ್ಷಣೆ ಇಲ್ಲ.

ಬೆಂಗಳೂರಿನ ವಿಮಾನ ಹತ್ತುವ ಮೊದಲು ಚೀಲಗಳನ್ನು ಒಮ್ಮೆ ಕೊಡವಿ ನೋಡಿ. ಗಾಂಜಾ ಬೆರೆಸಿದ, ಮಿಠಾಯಿಯಂತೆ ಕಾಣುವ ಗಮ್ಮಿಗಳೇ ಹೆಚ್ಚಾಗಿ ಕಣ್ತಪ್ಪಿ ಉಳಿಯುವುದು. ನಮ್ಮಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಜಾರಿಯಲ್ಲಿದೆ. ಅಮೆರಿಕದ ಯಾವ ರಾಜ್ಯದ ಕಾರ್ಡಿಗೂ, ರಸೀದಿಗೂ ಅದರ ಮುಂದೆ ಬೆಲೆ ಇಲ್ಲ.