ಮನೆ ಯಾವಾಗ ಬಿಡಬೇಕು: ಮಕ್ಕಳೊಂದಿಗೆ ಕಲಿತ ಲೆಕ್ಕ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಮೇಲೆ ಕೊಡಗಿನ ಮಕ್ಕಳಿಗೆ ಭೂಕುಸಿತವೆಂದರೇನು ಎಂದು ವಿವರಿಸುವ ಅಗತ್ಯ ಉಳಿದಿರಲಿಲ್ಲ. ಮಳೆ ಎಷ್ಟಾದಾಗ, ಏನು ಕಂಡಾಗ ಮನೆ ಬಿಡಬೇಕೆಂಬುದನ್ನು ಮನೆಯವರೆಲ್ಲ ಮೊದಲೇ ಕೂತು ತೀರ್ಮಾನಿಸುವಂತೆ ಮಾಡುವುದೇ ಶಿಕ್ಷಕನಾಗಿ ನಾನು ಕೈಗೆತ್ತಿಕೊಂಡ ಕೆಲಸ.

ಮೊದಲು ಮಳೆ ಅಳೆಯುವುದನ್ನು ಕಲಿಸಿದೆ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ, ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಹಾಕಿ, ಆ ಮಟ್ಟವನ್ನು ಸೊನ್ನೆಯೆಂದು ಗುರುತಿಸಿ ಸ್ಕೇಲ್ ಅಂಟಿಸಿದರೆ ಮಾಪಕ ಸಿದ್ಧ. ಸೂರಿನ ಹನಿ ತಾಗದ ಬಯಲಿನಲ್ಲಿಟ್ಟು ಮಕ್ಕಳು ಬೆಳಿಗ್ಗೆ ಎಂಟೂವರೆಗೆ ಅದನ್ನು ಓದುತ್ತಾರೆ. ತೋಟದವರ ಲೆಕ್ಕ ಇಂಚಿನಲ್ಲಿ, ಹವಾಮಾನ ಇಲಾಖೆಯದು ಮಿಲಿಮೀಟರಿನಲ್ಲಿ. ಆದ್ದರಿಂದ ಪುಸ್ತಕದಲ್ಲಿ ಎರಡೂ ಇರುತ್ತವೆ. ದಿನಕ್ಕೆ 204.5 ಮಿ.ಮೀ. ತಲುಪಿದರೆ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಎನ್ನುತ್ತದೆ. ಎಂಟು ಇಂಚು ಎಂದರೆ ಅಜ್ಜಂದಿರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಮಣ್ಣು ನೆನೆಯುವುದು ಹಲವು ದಿನಗಳ ಮಳೆಯಿಂದಾದ್ದರಿಂದ ಹಿಂದಿನ ದಿನಗಳ ಮೊತ್ತವನ್ನೂ ಕೂಡಿಸಲು ಹೇಳುತ್ತೇನೆ.

ಮಳೆಗಾಲಕ್ಕೆ ಮೊದಲು, ಮತ್ತೆ ಮಳೆ ಬಿಡುವು ಕೊಟ್ಟಾಗ, ಮಕ್ಕಳು ಮನೆಯ ಹಿರಿಯರೊಡನೆ ಹಿತ್ತಿಲ ಬರೆಯನ್ನು, ಅಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ದಿಬ್ಬವನ್ನು, ನೋಡಿ ಬರುತ್ತಾರೆ. ಬಿರುಕಿದ್ದರೆ ಅದರ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ಅಳೆಯಬೇಕು. ವಾಲಿದ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಹೊಸದಾಗಿ ಒಸರುವ ನೀರು ಇವನ್ನೂ ಬರೆದುಕೊಳ್ಳಬೇಕು. ಹಿರಿಯರನ್ನು ಒಪ್ಪಿಸಲು ಕಷ್ಟವಾದದ್ದು ಒಂದೇ ವಿಷಯ. ಜೋರು ಮಳೆಯಲ್ಲೂ ತೋಡಿನ ನೀರು ಇಳಿದರೆ ಅವರು ನೆಮ್ಮದಿಪಡುತ್ತಿದ್ದರು. ಮೇಲೆಲ್ಲೋ ಮಣ್ಣು ಜರಿದು ನೀರು ಕಟ್ಟಿಕೊಂಡಿರಬಹುದು ಎಂಬುದನ್ನು ಮಕ್ಕಳು ಮರಳಿನ ಗುಡ್ಡೆ, ಒಂದು ಕೊಡ ನೀರು ಇಟ್ಟುಕೊಂಡು ಅಂಗಳದಲ್ಲೇ ಮಾಡಿ ತೋರಿಸಿದ ಮೇಲೆ ವಾದ ನಿಂತಿತು.

ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಗಳಾದ ಲೈನ್‌ಮನೆಗಳಲ್ಲಿ ಕನ್ನಡ ಓದಲು ಬಾರದ ಕುಟುಂಬಗಳೂ ಇರುವುದರಿಂದ ಅಲ್ಲಿಗೆ ಚಿತ್ರಗಳನ್ನೇ ಒಯ್ದೆವು. ಸೈರನ್ ಕೂಗಿಸಿ ಫೋಟೊ ತೆಗೆಸಿಕೊಳ್ಳುವ ಅಣಕು ಪ್ರದರ್ಶನಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಕೊನೆಗೆ ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸುತ್ತೇವೆ: ಅಜ್ಜಿಯನ್ನು ಯಾರು ಕರೆದೊಯ್ಯಬೇಕು, ದಾಖಲೆಗಳ ಚೀಲ ಎಲ್ಲಿದೆ, ಯಾರ ಮನೆಗೆ ಯಾವ ದಾರಿಯಲ್ಲಿ ಹೋಗಬೇಕು, ಜಿಲ್ಲಾ ಸಹಾಯವಾಣಿ 1077. ಕತ್ತಲಾಗುವ ಮೊದಲೇ ಹೊರಡಬೇಕೆಂಬುದಕ್ಕೆ ಎಲ್ಲರೂ ಒಪ್ಪುತ್ತಾರೆ, ಚರ್ಚೆಯೆಲ್ಲ ದನಗಳದ್ದೇ. ಹಗ್ಗ ಬಿಚ್ಚಿ ಬಿಡುವವರು ಯಾರೆಂದು ಹೆಸರು ಬರೆದರೆ ಮಾತ್ರ ಹಾಳೆ ಪೂರ್ಣವಾಗುತ್ತದೆ. ಪ್ರತಿ ಜೂನ್‌ನಲ್ಲಿ ಅದನ್ನು ಹೊಸದಾಗಿ ಬರೆಯಬೇಕು, ಏಕೆಂದರೆ ಅಷ್ಟರಲ್ಲಿ ಒಂದು ಮನೆಯಲ್ಲಿ ಕೂಸು ಹುಟ್ಟಿರುತ್ತದೆ, ಇನ್ನೊಂದರ ಹಿಂದೆ ರಸ್ತೆಗಾಗಿ ಬರೆ ಕಡಿದಿರುತ್ತಾರೆ.