ದಿನಕ್ಕೆ 7 ಕಪ್ ಗ್ರೀನ್ ಟೀ ಕುಡಿದಾಗ ನನ್ನ ಮುಖ ಬಿಳುಚಿಕೊಂಡಿದ್ದು: ನನ್ನ ಅನುಭವ

ನಾನು ದಾವಣಗೆರೆಲಿ ಮನೆಯಲ್ಲೇ ಬ್ಲೌಸ್ ಹೊಲಿತೀನಿ, 14 ವರ್ಷ ಆಯ್ತು. ಮೊದಲು ದಿನಕ್ಕೆ ನಾಲ್ಕು ಸಲ ಹಾಲು ಸಕ್ಕರೆ ಹಾಕಿದ ಟೀ ಕುಡಿತಿದ್ದೆ, ಗಲ್ಲದ ತುಂಬ ಮೊಡವೆ ಇತ್ತು. ಬ್ಲೌಸ್ ಕೊಡೋಕೆ ಬಂದ ಒಬ್ಬರು "ಅಕ್ಕಾ, ಗ್ರೀನ್ ಟೀ ಕುಡೀರಿ, ಮುಖ ಹೆಂಗ್ ಹೊಳಿತತಿ ನೋಡ್ರಿ" ಅಂದ್ರು, ಅವತ್ತೇ ಒಂದು ಡಬ್ಬಿ ತಂದೆ. ಎರಡು ತಿಂಗಳಲ್ಲಿ ಮೊಡವೆ ಕಮ್ಮಿ ಆಗಿದ್ದು ನಿಜ. ಆದ್ರೆ ಅದು ಗ್ರೀನ್ ಟೀಯಿಂದ ಆಯ್ತೋ, ದಿನಕ್ಕೆ ಎಂಟು ಚಮಚ ಸಕ್ಕರೆ ಬಿಟ್ಟಿದ್ದಕ್ಕೆ ಆಯ್ತೋ, ಎರಡೂ ಒಟ್ಟಿಗೇ ಮಾಡಿದ್ರಿಂದ ನಾನು ಹೇಳೋಕೆ ಬರಲ್ಲ.

ಒಳ್ಳೇದಾಯ್ತಲ್ಲ ಅಂತ ಕಪ್ ಜಾಸ್ತಿ ಮಾಡ್ತಾ ಹೋದೆ. ಆ ವರ್ಷ ದುಗ್ಗಮ್ಮನ ಜಾತ್ರೆ ಬೇರೆ, ಎರಡು ವರ್ಷಕ್ಕೊಮ್ಮೆ ಬರೋದು, ಊರಿನ ಎಲ್ಲ ಹೆಣ್ಮಕ್ಕಳಿಗೂ ಹಬ್ಬದ ಹಿಂದಿನ ದಿನಾನೇ ಬ್ಲೌಸ್ ಬೇಕು, ರಾತ್ರಿ ಹನ್ನೊಂದು ಹನ್ನೆರಡರ ತನಕ ಹೊಲಿತಿದ್ದೆ. ಮಷಿನ್ ಪಕ್ಕದಲ್ಲೇ ಫ್ಲಾಸ್ಕ್. ತಿಂಡಿ ಜೊತೆ ಒಂದು, ರೊಟ್ಟಿ ಊಟ ಆದ ತಕ್ಷಣ ಒಂದು, ರಾತ್ರಿ ಊಟಕ್ಕೊಂದು, ಹತ್ತೂವರೆಗೆ ಕಣ್ಣು ಎಳಿದ್ರೆ ಇನ್ನೊಂದು. ಮಧ್ಯೆ ಮಧ್ಯೆ ಕುಡಿದಿದ್ದೂ ಸೇರಿಸಿ ಲೆಕ್ಕ ಹಾಕಿದ್ರೆ ಆರು ಏಳು ಕಪ್ ಆಗ್ತಿತ್ತು.

ಜಾತ್ರೆ ಮುಗಿದು ಒಂದೆರಡು ತಿಂಗಳಿಗೆ ಮುಖ ನೋಡಿಕೊಂಡ್ರೆ ಹೊಳಪು ಹೋಗ್ಲಿ, ಬಣ್ಣಾನೇ ಇಲ್ಲ, ಸುಣ್ಣ ಹಚ್ಚಿದ ಗೋಡೆ ಥರ. ಕಣ್ಣ ಕೆಳಗೆ ಕಪ್ಪು, ಬಾಚಿದ್ರೆ ಮುಷ್ಟಿ ಕೂದಲು, ಉಗುರು ತೆಳ್ಳಗಾಗಿ ಬಟ್ಟೆಗೆ ಸಿಕ್ಕಿಕೊಂಡು ಹರಿಯೋದು. ಬಾಯಿ ಎರಡೂ ಮೂಲೆ ಒಡೆದಿತ್ತು, ಸಂಜೆ ಖಾರ ಮಂಡಕ್ಕಿ ಬಾಯಿಗಿಟ್ರೆ ಕಣ್ಣಲ್ಲಿ ನೀರು ಬರೋದು. ನಾನು ಬಿಸಿಲಿಗೆ ಹಿಂಗಾಗಿದೆ ಅಂತ ಕ್ರೀಮ್ ಹಚ್ಚಿದೆ, ಟೀ ಬ್ಯಾಗ್ ತಣ್ಣಗೆ ಮಾಡಿ ಕಣ್ಣ ಮೇಲೆ ಇಟ್ಟುಕೊಂಡೆ, ಊತ ಸ್ವಲ್ಪ ಹೊತ್ತು ಇಳಿತಿತ್ತು, ಕಪ್ಪು ಹೋಗಲಿಲ್ಲ.

ಕೊನೆಗೆ ಮೆಟ್ಟಿಲು ಹತ್ತಿದ್ರೂ ಉಸಿರು ಕಟ್ಟೋಕೆ ಶುರುವಾದಾಗ ಡಾಕ್ಟರ್ ಹತ್ರ ಹೋದೆ. ರಕ್ತ ಪರೀಕ್ಷೆಲಿ ಹಿಮೋಗ್ಲೋಬಿನ್ 8.9 ಬಂತು, ಹೆಂಗಸರಿಗೆ 12 ಆದ್ರೂ ಇರಬೇಕು. ಮೇಡಂ ಮೊದಲು ಮುಟ್ಟಿನ ವಿಷಯ ಕೇಳಿದ್ರು, ನನಗೆ ಏಳು ದಿನಾನೂ ತುಂಬಾ ರಕ್ತ ಹೋಗ್ತಿತ್ತು, ಅದನ್ನ ಯಾರಿಗೂ ಹೇಳಿರಲಿಲ್ಲ. ಆಮೇಲೆ ಕೇಳಿದ್ರು, "ಟೀ ಯಾವಾಗ ಕುಡಿತೀಯಮ್ಮಾ, ಊಟದ ಜೊತೆನಾ?"

ಅವರು ಹೇಳಿದ್ದು ಇಷ್ಟು. ನಾವು ಸಸ್ಯಾಹಾರಿಗಳು, ರಕ್ತಕ್ಕೆ ಬೇಕಾದ ಕಬ್ಬಿಣ ನಮಗೆ ಸಿಗೋದೇ ಸೊಪ್ಪು ಕಾಳು ರಾಗಿಯಿಂದ. ಟೀಗೆ ಒಗರು ಕೊಡೋ ಪಾಲಿಫಿನಾಲ್ ಅಂಶ ಹೊಟ್ಟೇಲಿ ಆ ಕಬ್ಬಿಣಾನ ಹಿಡ್ಕೊಂಡುಬಿಡತ್ತೆ, ಮೈಗೆ ಸೇರೋದು ಕಮ್ಮಿ ಆಗತ್ತೆ. ಗ್ರೀನ್ ಟೀ ಆಗ್ಲಿ ಮಾಮೂಲಿ ಟೀ ಆಗ್ಲಿ, ಎರಡೂ ಹಂಗೇ. ಆರೋಗ್ಯವಾಗಿರೋರಿಗೆ ಇಷ್ಟಕ್ಕೇ ರಕ್ತ ಕಮ್ಮಿ ಆಗಲ್ಲ, ಆದ್ರೆ ನನಗೆ ಒಂದು ಕಡೆ ರಕ್ತ ಹೋಗ್ತಾ ಇತ್ತು, ಇನ್ನೊಂದು ಕಡೆ ತಿಂದಿದ್ದು ಸೇರ್ತಾ ಇರಲಿಲ್ಲ. ಹೆಂಡತಿ, ತಾಯಿ, ಸೊಸೆ ಅಂತ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣೋ ನಮ್ಮಂಥವರು ಆ ಊಟದ ಮೇಲೇ ಟೀ ಸುರಿದುಕೊಂಡರೆ ಏನು ಉಳಿಯತ್ತೆ ಹೇಳಿ, ಇದನ್ನ ನೆನೆಸಿಕೊಂಡ್ರೆ ನನಗೆ ಈಗಲೂ ಸಂಕಟ ಆಗತ್ತೆ.

ಕಣ್ಣ ಕೆಳಗಿನ ಕಪ್ಪಿಗೆ ನಿದ್ದೇನೂ ಸೇರಿತ್ತು. ಒಂದು ಕಪ್ಪಲ್ಲಿ ಸುಮಾರು 30 ಮಿಲಿಗ್ರಾಂ ಕೆಫೀನ್ ಅಂದ್ರೆ ಏಳು ಕಪ್ಪಿಗೆ 210, ದೊಡ್ಡವರಿಗೆ ದಿನಕ್ಕೆ 400ರ ತನಕ ಪರವಾಗಿಲ್ಲ ಅಂತಾರೆ, ಹಂಗಾಗಿ ಒಟ್ಟು ಲೆಕ್ಕ ಮೀರಿರಲಿಲ್ಲ. ಆದ್ರೆ ಕುಡಿದ ಕೆಫೀನ್ ಅರ್ಧ ಆಗೋಕೇ ಸುಮಾರು ಐದು ಗಂಟೆ ಬೇಕಂತೆ, ನಾನು ಕೊನೆ ಕಪ್ ಕುಡಿತಿದ್ದಿದ್ದು ರಾತ್ರಿ ಹತ್ತೂವರೆಗೆ. ಚರ್ಮಾನೂ ಒಣಗಿತ್ತು, ಆದ್ರೆ ಅದಕ್ಕೆ ಟೀ ಕಾರಣ ಅಲ್ಲ ಅಂದ್ರು ಮೇಡಂ, ಟೀಯಲ್ಲೂ ನೀರೇ ಇರೋದು. ನಮ್ಮ ಬೋರ್‌ವೆಲ್ ನೀರು ಗಡಸು, ಮುಖಕ್ಕೆ ಸೋಪ್ ಕಮ್ಮಿ ಮಾಡಿ ಕೊಬ್ಬರಿ ಎಣ್ಣೆ ಹಚ್ಚಿದ ಮೇಲೆ ಅದು ಸರಿ ಹೋಯ್ತು.

ಟೀ ನಾನು ಬಿಡಲಿಲ್ಲ. ಬೆಳಿಗ್ಗೆ ತಿಂಡಿ ಆಗಿ ಎರಡು ಗಂಟೆ ಬಿಟ್ಟು ಒಂದು ಕಪ್, ಮಧ್ಯಾಹ್ನ ನಾಲ್ಕಕ್ಕೆ ಒಂದು, ಅಷ್ಟೇ. ಊಟಕ್ಕೂ ಟೀಗೂ ಮಧ್ಯೆ ಒಂದು ಗಂಟೆ ಆದ್ರೂ ಬಿಡ್ತೀನಿ. ಕುದಿಯೋ ನೀರು ಹಾಕಲ್ಲ, ಒಲೆ ಆರಿಸಿ ಐದು ನಿಮಿಷ ಬಿಟ್ಟು ಹಾಕಿದ್ರೆ ಕಹಿ ಆಗಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡ್ತೀನಿ, ಹುಳಿ ಇದ್ರೆ ಕಬ್ಬಿಣ ಚೆನ್ನಾಗಿ ಸೇರತ್ತೆ. ಕಬ್ಬಿಣದ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆ ನೀರಲ್ಲಿ, ಹಾಲಲ್ಲಿ ತಗೋಬಾರ್ದು. ಮೊದಲ ವಾರ ಮಲ ಕಪ್ಪಗೆ ಹೋಯ್ತು ಅಂತ ಗಾಬರಿ ಆದೆ, ಅದು ಮಾತ್ರೆಯಿಂದ ಸುಮಾರು ಜನರಿಗೆ ಆಗೋದೇ. ಮುಟ್ಟಿಗೂ ಬೇರೆ ಚಿಕಿತ್ಸೆ ಕೊಟ್ರು, ಅದಿಲ್ದೆ ಬರೀ ಟೀ ಹೊತ್ತು ಬದಲಿಸಿದ್ರೆ ಏನೂ ಆಗ್ತಿರಲಿಲ್ಲ.

ಮಧ್ಯೆ ಒಬ್ಬರು ಗ್ರೀನ್ ಟೀ ಕ್ಯಾಪ್ಸೂಲ್ ತಗೋ, ಬೇಗ ಹೊಳಪು ಬರತ್ತೆ ಅಂದ್ರು. ಮೇಡಂ ಖಡಾಖಂಡಿತ ಬೇಡ ಅಂದ್ರು. ಅದರಲ್ಲಿ ಇಜಿಸಿಜಿ ಅನ್ನೋ ಸಾರ ಗಟ್ಟಿಯಾಗಿರತ್ತೆ, ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಲಿವರ್‌ಗೆ ಪೆಟ್ಟಾಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಬಾಯಿ ಮೂಲೆ ಮೂರು ವಾರಕ್ಕೆ ವಾಸಿ ಆಯ್ತು, ಮುಖಕ್ಕೆ ಬಣ್ಣ ಬರೋಕೆ ಮೂರು ತಿಂಗಳು ಹಿಡೀತು, ಕೂದಲು ಇನ್ನೂ ಪೂರ್ತಿ ನಿಂತಿಲ್ಲ. ನಾಲ್ಕನೇ ತಿಂಗಳಿಗೆ ಹಿಮೋಗ್ಲೋಬಿನ್ 12.2. ಮಾತ್ರೆ ನಿಲ್ಲಿಸ್ಲಾ ಅಂದೆ, ಮೈಯೊಳಗೆ ಕಬ್ಬಿಣದ ದಾಸ್ತಾನು ತುಂಬಬೇಕು, ಇನ್ನೂ ಮೂರು ತಿಂಗಳು ನುಂಗು ಅಂದ್ರು, ನುಂಗ್ತಾ ಇದ್ದೀನಿ.